ಏರಿಯ ಮೇಲೆ ಆರು ದಿನ

ಉತ್ತರ ಇಟಲಿಯ ಪಾವಿಯಾ ಊರು ಸಮುದ್ರ ಮಟ್ಟದಿಂದ ಬರೀ 77 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಟು ಪೋ ನದಿಯ ಗುಂಟ ಸಮುದ್ರದವರೆಗೆ ಸೈಕಲ್ ಮೇಲೆ ಹೋಗುವುದು ನಮ್ಮ ಲೆಕ್ಕಾಚಾರ. ದಾರಿ 400 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ದೂರಕ್ಕೆ ಇಳಿಯುವುದು 77 ಮೀಟರ್. ಅದನ್ನು ಇಳಿಜಾರು ಅಂತ ಕರೆದರೆ ಇಳಿಜಾರಿಗೇ ಅವಮಾನ.

"ಅದಕ್ಕೆ ಮೌಂಟನ್ ಬೈಕ್ ಯಾಕ್ರೀ?" ಅಂತ ಕೇಳದವರೇ ಇಲ್ಲ. ನ್ಯಾಯವಾದ ಪ್ರಶ್ನೆ. ಉತ್ತರ ನೆಲದಲ್ಲಿದೆ. ಪೋ ದಡದ ದಾರಿ ಒಂದೇ ಥರ ಇಲ್ಲ. ಸ್ವಲ್ಪ ಹೊತ್ತು ಡಾಂಬರು, ಆಮೇಲೆ ಜಲ್ಲಿ, ಆಮೇಲೆ ಮೊಣಕಾಲೆತ್ತರದ ಹುಲ್ಲು, ನದಿಯ ಕಡೆ ಇಳಿದರೆ ಮರಳು, ಮಳೆ ಬಂದರೆ ಜೇಡಿ. ತೆಳು ಟೈರಿನ ಸೈಕಲ್ ಇದರಲ್ಲಿ ಅರ್ಧಕ್ಕೆ ಮಾತ್ರ ಸರಿ. ಉಳಿದರ್ಧಕ್ಕೆ ದಪ್ಪ ಟೈರೇ ಬೇಕು. ನಮ್ಮಿಬ್ಬರದೂ ಹಾರ್ಡ್‌ಟೇಲ್, ಅಂದರೆ ಸಸ್ಪೆನ್ಷನ್ ಮುಂದೆ ಮಾತ್ರ. 29 ಇಂಚಿನ ಚಕ್ರ, 2.2 ಇಂಚಿನ ಟ್ಯೂಬ್‌ಲೆಸ್ ಟೈರು, ಒಳಗೆ ಸೀಲೆಂಟ್, ಅಂದರೆ ಸಣ್ಣ ತೂತನ್ನು ತಾನಾಗೇ ಮುಚ್ಚುವ ದ್ರವ. ಸಾಮಾನೆಲ್ಲ ಸೀಟಿನ ಹಿಂದಿನ ಚೀಲ ಮತ್ತು ಹ್ಯಾಂಡಲಿಗೆ ಕಟ್ಟಿದ ಸುರುಳಿಯಲ್ಲಿ. ಸೆಪ್ಟೆಂಬರ್ ಕೊನೆಯ ವಾರ. ಜೊತೆಗೆ ಒಬ್ಬನೇ ಗೆಳೆಯ. ಮಾತು ಕಮ್ಮಿ, ತಿನ್ನೋದು ಜಾಸ್ತಿ.

ಮೊದಲ ದಿನ: ಪಾವಿಯಾ – ಪಿಯಾಚೆಂಜಾ, 68 ಕಿ.ಮೀ.

ಪಾವಿಯಾ ಇರುವುದು ಪೋ ದಡದಲ್ಲಲ್ಲ, ಅದರ ಉಪನದಿ ತಿಚೀನೋ ದಡದಲ್ಲಿ. ಊರಿನಿಂದ ಸ್ವಲ್ಪ ಕೆಳಗೆ ಎರಡೂ ಸೇರುತ್ತವೆ. ಆ ಸಂಗಮದ ಹತ್ತಿರ ಬೆಕ್ಕಾ ಎಂಬಲ್ಲಿ 1912ರ ಹಳೇ ಕಬ್ಬಿಣದ ಸೇತುವೆ ಇದೆ. ನೋಡಿಕೊಂಡು ವಾಪಸ್ ತಿರುಗಿದೆವು. ದಾಟಲಿಲ್ಲ. ಕಿರಿದಾದ ಸೇತುವೆ, ವಾಹನಗಳು ಮೈಗೆ ತಾಗುವಷ್ಟು ಹತ್ತಿರ.

ಬೆಳಗಿನ ದಾರಿಯಲ್ಲಿ ಗದ್ದೆಗಳು. ನಿಜವಾದ ಭತ್ತದ ಗದ್ದೆ! ಯುರೋಪಿನಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿ, ಅದರಲ್ಲೂ ಪಾವಿಯಾ ಸೀಮೆ ಮುಂಚೂಣಿಯಲ್ಲಿದೆ ಅಂತ ಓದಿದ್ದೆ. ಆದರೂ ಕಣ್ಣಾರೆ ಕಂಡಾಗ ಬೇರೆಯೇ. ಕೊಯ್ಲಿನ ಕಾಲ. ತೆನೆ ಬಾಗಿದ ಗದ್ದೆ, ಬದು, ಕಾಲುವೆ, ಕಾಲುವೆಯಲ್ಲಿ ಒಂಟಿ ಕಾಲಿನ ಕೊಕ್ಕರೆ. ಬದುವಿನ ಮೇಲೆ ಸೈಕಲ್ ಹೊಡೆಯುವಾಗ ಒಂದು ಕ್ಷಣ ಯಾವ ದೇಶದಲ್ಲಿದ್ದೀನಿ ಅಂತಲೇ ಮರೆತುಹೋಯಿತು. ಒಣ ಹುಲ್ಲಿನ ವಾಸನೆಗೆ ದೇಶಭಾಷೆ ಇಲ್ಲ ನೋಡಿ.

ಒಂದು ವಿಷಯ ಮಾತ್ರ ಕಿರಿಕಿರಿ ಮಾಡಿತು. ನದಿ ದಡದ ದಾರಿ ಅಂತ ಬಂದರೆ ಮಧ್ಯಾಹ್ನದವರೆಗೆ ನದಿಯೇ ಕಾಣಲಿಲ್ಲ. ನಕ್ಷೆಯಲ್ಲಿ ನೀಲಿ ಗೆರೆ ಬೆರಳಷ್ಟು ದೂರದಲ್ಲಿದೆ. ಕಣ್ಣಿಗೆ ಕಾಣುವುದು ಜೋಳದ ಹೊಲ, ಅದರಾಚೆ ಸಾಲು ಮರ, ಅಷ್ಟೇ.

ಕೊನೆಗೆ ನದಿ ಸಿಕ್ಕಿದ್ದು ಕೊರ್ತೆ ಸಾಂತ್ ಆಂದ್ರೇಯಾ ಎಂಬ ಪುಟ್ಟ ಹಳ್ಳಿಯಲ್ಲಿ. ಇಲ್ಲಿ ಪೋ ದಾಟಲು ಸೇತುವೆ ಇಲ್ಲ, ದೋಣಿ ಇದೆ. ಕ್ರಿ.ಶ. 990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ಇಂಗ್ಲೆಂಡಿಗೆ ಮರಳುವಾಗ ತಂಗಿದ ಜಾಗಗಳ ಪಟ್ಟಿ ಬರೆಸಿಟ್ಟ. ಆ ಪಟ್ಟಿ ಉಳಿದಿದೆ. ವಿಯಾ ಫ್ರಾಂಚಿಜೆನಾ ಎಂಬ ಯಾತ್ರೆಯ ದಾರಿ ಅದರ ಮೇಲೇ ನಿಂತಿದೆ. ಅವನು ಪೋ ದಾಟಿದ ಕಡವು ಇದೇ. ಇವತ್ತಿಗೂ ರೋಮಿನ ಕಡೆ ನಡೆಯುವ ಯಾತ್ರಿಕರು ಇಲ್ಲಿಗೆ ಬಂದು ದೋಣಿ ಹತ್ತುತ್ತಾರೆ. ಮೊದಲೇ ಹೇಳಿಟ್ಟಿದ್ದರಿಂದ ದೋಣಿ ಕಾಯುತ್ತಿತ್ತು. ಸೈಕಲ್ ಅಡ್ಡ ಮಲಗಿಸಿ ನಾವು ತುದಿಯಲ್ಲಿ ಕೂತೆವು.

ಆಗ ನೋಡಿದೆ ಪೋ. ಹಾಲು ಬೆರೆಸಿದ ಚಹಾದ ಬಣ್ಣ. ಅಗಲ, ಆದರೆ ಆತುರವಿಲ್ಲ. ಸದ್ದೂ ಇಲ್ಲ. ಮೊನ್‌ವೀಜೊ ಬೆಟ್ಟದ ಬುಡದಲ್ಲಿ ಹುಟ್ಟಿ 652 ಕಿ.ಮೀ. ಹರಿಯುವ ಇದು ಇಟಲಿಯ ಅತಿ ಉದ್ದದ ನದಿ. ದೋಣಿಯವರು ಎಂಜಿನ್ ಜೋರು ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ಆಚೆ ದಡ. ಮತ್ತೆ ಜೋಳದ ಹೊಲ, ಮತ್ತೆ ನದಿ ಮಾಯ.

ಎರಡನೇ ದಿನ: ಪಿಯಾಚೆಂಜಾ – ಕ್ರೆಮೋನಾ, 48 ಕಿ.ಮೀ.

ನದಿ ಯಾಕೆ ಕಾಣುವುದಿಲ್ಲ ಅಂತ ಇವತ್ತು ಅರ್ಥವಾಯಿತು.

ಪೋ ಎರಡೂ ಕಡೆ ಮಣ್ಣಿನ ಏರಿ ಕಟ್ಟಿದ್ದಾರೆ. ಇಟಾಲಿಯನ್ನಿನಲ್ಲಿ 'ಆರ್ಜಿನೆ'. ಕೆರೆ ಏರಿ ಗೊತ್ತಲ್ವಾ, ಅದೇ. ಆದರೆ ಇದು ನೂರಾರು ಕಿಲೋಮೀಟರ್ ಉದ್ದ, ಕೆಲವು ಕಡೆ ಎರಡು ಮಹಡಿಗಿಂತ ಎತ್ತರ. ಕೆರೆ ಏರಿಯ ಬುಡಕ್ಕೇ ನೀರು ಇರುತ್ತದೆ. ಇಲ್ಲಿ ಹಾಗಲ್ಲ. ಏರಿಗೂ ನದಿಗೂ ನಡುವೆ ಅರ್ಧ ಕಿಲೋಮೀಟರ್, ಒಂದೊಂದು ಕಡೆ ಇನ್ನೂ ಜಾಸ್ತಿ ಜಾಗ ಬಿಟ್ಟಿದ್ದಾರೆ. ಅದರ ಹೆಸರು 'ಗೋಲೆನಾ'. ಪ್ರವಾಹ ಬಂದಾಗ ನದಿ ಮೈ ಚಾಚಿ ಮಲಗಲು ಅಂತ ಇಟ್ಟ ಜಾಗ. ನೀರಿಲ್ಲದ ಕಾಲಕ್ಕೆ ಅಲ್ಲಿ ಪಾಪ್ಲರ್ ಮರ ಬೆಳೆಸುತ್ತಾರೆ. ನೆಟ್ಟ ಹತ್ತೇ ವರ್ಷಕ್ಕೆ ಕಡಿಯುವಷ್ಟು ಬೆಳೆಯುವ ಮರ. ಹೆಚ್ಚಿನದು ಪ್ಲೈವುಡ್ಡಿಗೆ ಹೋಗುತ್ತದೆ. ಸಾಲು ಎಷ್ಟು ನೇರ ಅಂದರೆ, ಪಕ್ಕದಲ್ಲಿ ಸೈಕಲ್ ಹೊಡೆಯುವಾಗ ಬಾಚಣಿಗೆಯ ಹಲ್ಲುಗಳ ನಡುವೆ ಇಣುಕಿದ ಹಾಗೆ. ಒಂದು ಸಾಲು ತೆರೆಯುತ್ತದೆ, ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ. ಹೆಚ್ಚು ಹೊತ್ತು ನೋಡಿದರೆ ತಲೆ ಸುತ್ತು.

ಹಾಗಾಗಿ ಸವಾರನಿಗೆ ಎರಡು ದಾರಿ. ಏರಿ ಮೇಲೆ ಹೋದರೆ ಜಲ್ಲಿ ಅಥವಾ ಡಾಂಬರು, ಸುತ್ತಲೂ ನೋಟ, ನೆರಳು ಸೊನ್ನೆ. ಗೋಲೆನಾಕ್ಕೆ ಇಳಿದರೆ ನೆರಳು, ಕಿರಿದಾದ ಮಣ್ಣಿನ ಜಾಡು, ಮರಳು, ಸೊಳ್ಳೆ. ಬರೀ ದೂರ ಮುಗಿಸಲು ಬಂದವರು ಮೇಲೆ ಇರುತ್ತಾರೆ. ನಾವು ಮೇಲೆ ಕೆಳಗೆ ಆಟ ಆಡಿದೆವು.

ಸಮತಟ್ಟು ನೆಲದ ಒಂದು ಗುಟ್ಟು ಹೇಳಬೇಕು. ಅದು ಸುಲಭ ಅಲ್ಲ. ಬೆಟ್ಟದಲ್ಲಿ ಹತ್ತುವಾಗ ಸಾಯುತ್ತೀರಿ, ನಿಜ. ಆದರೆ ಇಳಿಯುವಾಗ ಕಾಲು ಸುಮ್ನೆ ಇರುತ್ತದೆ. ಇಲ್ಲಿ ಇಳಿಯುವುದೇ ಇಲ್ಲ. ಪೆಡಲ್ ನಿಲ್ಲಿಸಿದರೆ ಸೈಕಲ್ ನಿಲ್ಲುತ್ತದೆ. ಅದರಲ್ಲೂ ಜಲ್ಲಿ ಮೇಲೆ ದಪ್ಪ ಟೈರು ಬೇಗ ಸೋಲುತ್ತದೆ. ನಾಲ್ಕು ಗಂಟೆ ಸವಾರಿ ಅಂದರೆ ನಾಲ್ಕು ಗಂಟೆ ತುಳಿತ. ಕೂತ ಭಂಗಿಯೂ ಬದಲಾಗುವುದಿಲ್ಲ. ಹಾಗಾಗಿ ಮೊದಲು ನೋಯುವುದು ತೊಡೆಯಲ್ಲ, ಕೂರುವ ಜಾಗ. ಆಮೇಲೆ ಅಂಗೈ. ಎರಡನೇ ದಿನ ಮಧ್ಯಾಹ್ನದಿಂದ ಒಂದು ನಿಯಮ ಮಾಡಿಕೊಂಡೆವು. ಹದಿನೈದು ನಿಮಿಷಕ್ಕೊಮ್ಮೆ ಗೇರ್ ಭಾರ ಮಾಡಿ, ಎದ್ದು ನಿಂತು ಇಪ್ಪತ್ತು ಸಲ ತುಳಿಯುವುದು. ದೂರದಿಂದ ನೋಡಿದವರಿಗೆ ಇಬ್ಬರು ಹುಚ್ಚರು ಕಾರಣವಿಲ್ಲದೆ ಬಯಲಲ್ಲಿ ರೇಸ್ ಮಾಡುತ್ತಿದ್ದಾರೆ ಅನ್ನಿಸಿರಬೇಕು.

ದಾರಿಯಲ್ಲಿ ಕಾವೋರ್ಸೊ ಅಣು ಸ್ಥಾವರದ ದೊಡ್ಡ ಕಟ್ಟಡ ಕಂಡಿತು. ಚೆರ್ನೋಬಿಲ್ ಆದ ಮೇಲೆ 1987ರಲ್ಲಿ ಇಟಲಿಯ ಜನ ಮತ ಹಾಕಿ ಅಣು ವಿದ್ಯುತ್ ಬೇಡ ಅಂದರು. ಅಲ್ಲಿಗೆ ಇದರ ಕಥೆ ಮುಗಿಯಿತು. ಸ್ವಲ್ಪ ಮುಂದೆ ಈಸೊಲಾ ಸೆರಾಫೀನಿ ಅಣೆಕಟ್ಟು. 1962ರಲ್ಲಿ ಕಟ್ಟಿದ್ದು. ಅಂದಿನಿಂದ ಮೀನುಗಳು ಸಮುದ್ರದ ಕಡೆಯಿಂದ ಮೇಲೆ ಬರುವ ದಾರಿ ಕಟ್ಟಾಗಿತ್ತು. 2017ರಲ್ಲಿ ಪಕ್ಕದಲ್ಲಿ ಮೀನಿಗೆ ಅಂತಲೇ ಮೆಟ್ಟಿಲು ಕಾಲುವೆ ತೆರೆದಿದ್ದಾರೆ. ಮೀನಿಗೂ ಹತ್ತುವ ದಾರಿ ಸಿಕ್ಕಿದೆ, ನಮಗೆ ಇನ್ನೂ ಇಲ್ಲ ಅಂದ ಗೆಳೆಯ.

ಕ್ರೆಮೋನಾದ ಗಂಟೆ ಗೋಪುರ ಎಷ್ಟೋ ದೂರದಿಂದ ಕಾಣುತ್ತದೆ. ಹೆಸರು ತೊರಾತ್ಸೊ, ಸುಮಾರು 112 ಮೀಟರ್ ಎತ್ತರದ ಇಟ್ಟಿಗೆ ಕಟ್ಟಡ. ಮೊದಲು ನೋಡಿದಾಗ "ಬಂದೇಬಿಟ್ಟಿತು" ಅಂದುಕೊಂಡೆವು. ಒಂದು ಗಂಟೆ ತುಳಿದರೂ ಅದು ಅಷ್ಟೇ ದೂರ. ನದಿ ತಿರುಗಿದ ಹಾಗೆ ಏರಿ ತಿರುಗುತ್ತದೆ, ಏರಿ ತಿರುಗಿದ ಹಾಗೆ ಗೋಪುರ ಬಲಕ್ಕೆ, ಎಡಕ್ಕೆ, ಒಮ್ಮೆ ಬೆನ್ನ ಹಿಂದೆಯೂ ಬಂತು. ಲೆಕ್ಕ ಹಾಕಿದೆ. ಆರು ದಿನದಲ್ಲಿ ನಾವು ಇಳಿಯುವ ಒಟ್ಟು ಎತ್ತರ ಈ ಒಂದು ಗೋಪುರಕ್ಕಿಂತ ಕಮ್ಮಿ!

ಕ್ರೆಮೋನಾ ವಯೊಲಿನ್ ಊರು. 1737ರಲ್ಲಿ ತೀರಿಕೊಂಡ ಹೆಸರಾಂತ ವಯೊಲಿನ್ ತಯಾರಕ ಸ್ತ್ರಾದಿವಾರಿ ಇಲ್ಲಿಯವನು. ಇಂದಿಗೂ ಗಲ್ಲಿಗಲ್ಲಿಯಲ್ಲಿ ವಯೊಲಿನ್ ಮಾಡುವ ಅಂಗಡಿಗಳಿವೆ. ಒಂದು ಕಿಟಕಿಯಲ್ಲಿ ಬಣ್ಣ ಹಚ್ಚದ ಬಿಳಿ ಮರದ ವಯೊಲಿನ್‌ಗಳು ತಂತಿಗೆ ನೇತಾಡುತ್ತಿದ್ದವು, ಒಗೆದು ಒಣಗಲು ಹಾಕಿದ ಹಾಗೆ.

ಮೂರನೇ ದಿನ: ಕ್ರೆಮೋನಾ – ಗ್ವಸ್ತಾಲ್ಲಾ, 86 ಕಿ.ಮೀ.

ಇಡೀ ಪ್ರವಾಸದಲ್ಲಿ ಒಂದು ದಿನ ಮಾತ್ರ ಇನ್ನೊಮ್ಮೆ ಕೊಡುತ್ತೀವಿ ಅಂದರೆ ನಾನು ಈ ದಿನವನ್ನೇ ಕೇಳುತ್ತೇನೆ. ಎರಡು ಪಂಕ್ಚರ್ ಸಮೇತ.

ಬೆಳಿಗ್ಗೆ ಎಡದಂಡೆಯ ಏರಿ ಬಿಟ್ಟು ಗೋಲೆನಾಕ್ಕೆ ಇಳಿದೆವು. ಪಾಪ್ಲರ್ ತೋಪಿನ ಅಂಚಿನಲ್ಲಿ ಟ್ರ್ಯಾಕ್ಟರ್ ಜಾಡು. ಅದು ಕಿರಿದಾಗುತ್ತಾ ಹೋಗಿ ಒಂದೇ ಚಕ್ರದ ಜಾಡಾಯಿತು. ಎರಡೂ ಕಡೆ ಮೈ ಸವರುವ ಗಿಡ. ಆ ಜಾಡು ಬಾಗುವ ರೀತಿ ನೋಡಬೇಕು. ಮರದ ಬೇರು ಬಂದರೆ ಸಣ್ಣ ನೆಗೆತ, ಹಳೇ ಹೊಳೆ ಹರಿದ ಗುಂಡಿ ಬಂದರೆ ಒಂದು ಜಾರು, ತಕ್ಷಣ ಒಂದು ಏರು. ಎರಡು ಮೀಟರ್ ಇಳಿದು ಎರಡು ಮೀಟರ್ ಹತ್ತುವುದಷ್ಟೇ. ಆದರೆ ಎರಡು ದಿನ ಬಯಲು ತುಳಿದವನಿಗೆ ಅದೇ ಹಿಮಾಲಯ. ಇಬ್ಬರೂ ಕೂಗಿದೆವು. ಗಿಡದೊಳಗಿಂದ ಒಂದು ಫೆಸೆಂಟ್ ಹಕ್ಕಿ ನಮಗಿಂತ ಜೋರಾಗಿ ಕೂಗಿ ಹಾರಿತು.

ಆಮೇಲೆ ಮರಳು. ನದಿಯ ಬಾಗಿನ ಒಳ ಮಗ್ಗುಲಿಗೆ ಮರಳು ಕೂಡುತ್ತದೆ, ಹೊರ ಮಗ್ಗುಲು ಕೊರೆಯುತ್ತದೆ. ಜಾಡು ಯಾವ ಕಡೆ ಹೋಗುತ್ತಿದೆ ಅಂತ ನೋಡಿದರೆ ಮುಂದೆ ಏನು ಕಾದಿದೆ ಅಂತ ಗೊತ್ತಾಗುತ್ತದೆ. ಒಳ ಬಾಗಿಗೆ ಹೋದರೆ ಮರಳು ಗ್ಯಾರಂಟಿ. ಮರಳಲ್ಲಿ ಮುಂದಿನ ಚಕ್ರ ಹೂತು ಹ್ಯಾಂಡಲ್ ತಾನಾಗೇ ಮಡಚಿಕೊಳ್ಳುತ್ತದೆ. ನಾನು ಎರಡು ಸಲ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ನೋವಿಲ್ಲ, ಮರಳು ತಾನೇ. ಬಾಯಲ್ಲಿ ಮಾತ್ರ ಕರಕರ. ಆಮೇಲೆ ನಿಂತು ಗಾಳಿ ಇಳಿಸಿದೆವು. ಏರಿ ಮೇಲೆ 28 ಪಿಎಸ್‌ಐ ಇಟ್ಟುಕೊಂಡಿದ್ದೆ. ಅದನ್ನು 18ಕ್ಕೆ ತಂದೆ. ಟೈರು ಚಪ್ಪಟೆಯಾಗಿ ನೆಲಕ್ಕೆ ಜಾಸ್ತಿ ತಾಗುತ್ತದೆ, ಹೂಳುವ ಬದಲು ತೇಲುತ್ತದೆ. ಉಳಿದದ್ದು ಅಭ್ಯಾಸ: ಹಗುರ ಗೇರ್, ಮೈಭಾರ ಹಿಂದೆ, ಹ್ಯಾಂಡಲ್ ಸಡಿಲ, ಬ್ರೇಕ್ ಮುಟ್ಟಬೇಡಿ, ತುಳಿಯುವುದು ನಿಲ್ಲಿಸಬೇಡಿ. ಹೇಳುವುದು ಸುಲಭ ಬಿಡಿ.

ಆ ಮರಳಿನ ಕೊನೆಗೆ ಪೋ ಇತ್ತು. ಇಷ್ಟಗಲ ಬಿಳಿ ದಂಡೆ, ಒಬ್ಬ ನರಪಿಳ್ಳೆ ಇಲ್ಲ. ಹಕ್ಕಿ ಹೆಜ್ಜೆ, ಜೊತೆಗೆ ದೊಡ್ಡ ಇಲಿಯದು ಅನ್ನಿಸುವಂಥ ಹೆಜ್ಜೆ. ಅದು ನ್ಯೂಟ್ರಿಯಾ. ತುಪ್ಪಳಕ್ಕಾಗಿ ದಕ್ಷಿಣ ಅಮೆರಿಕದಿಂದ ತಂದು ಸಾಕಿದ ಪ್ರಾಣಿ. ತಪ್ಪಿಸಿಕೊಂಡದ್ದು ಈಗ ಪೋ ಬಯಲೆಲ್ಲ ತುಂಬಿದೆ. ಏರಿಯಲ್ಲಿ ಬಿಲ ತೋಡುತ್ತದೆ. ಬಿಲ ಇದ್ದ ಏರಿ ಪ್ರವಾಹಕ್ಕೆ ಬಾಯಿ ಬಿಡುತ್ತದೆ. ಹಾಗಾಗಿ ಇಲ್ಲಿನವರಿಗೆ ಅದನ್ನು ಕಂಡರೆ ಆಗುವುದಿಲ್ಲ. ನಾವು ಅಲ್ಲಿ ಒಂದು ಗಂಟೆ ಕೂತೆವು. ಬ್ರೆಡ್ಡು, ಚೀಸು, ಎರಡು ಟೊಮೇಟೊ. ನೀರು ಕಾಲ ಹತ್ತಿರ ಬಂದು ಹೋಗುತ್ತಿತ್ತು. ಮೂರು ದಿನದಲ್ಲಿ ನದಿಯನ್ನು ಮುಟ್ಟಿದ್ದು ಅದೇ ಮೊದಲು.

ಪಂಕ್ಚರ್ ಆದದ್ದು ಕಾಸಾಲ್‌ಮಜ್ಜೋರೆ ಹತ್ತಿರ, ಏರಿ ಪಕ್ಕದ ಒಣ ನೆಲದಲ್ಲಿ. ಟೈರಿಗೆ ಚುಚ್ಚಿದ್ದನ್ನು ಕಿತ್ತು ನೋಡಿದರೆ ನೆಗ್ಗಿಲು! ನಮ್ಮ ಹೊಲದ ಬದುಗಳಲ್ಲಿ ಬರಿಗಾಲಿಗೆ ಚುಚ್ಚುವ ಅದೇ ನೆಗ್ಗಿಲ ಮುಳ್ಳು. ಎಲ್ಲಿಂದ ಎಲ್ಲಿಗೆ ನಂಟು ನೋಡಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೇ ಇರುತ್ತದೆ. ಟೈರಿಗೆ ಅದಕ್ಕಿಂತ ಕೆಟ್ಟ ವೈರಿ ಇಲ್ಲ. ನನ್ನ ಟೈರಲ್ಲಿ ಹನ್ನೊಂದು ಇದ್ದವು. ಕೀಳಬಾರದು, ಒಳಗೆ ಸೀಲೆಂಟ್ ಮುಚ್ಚಿಕೊಳ್ಳುತ್ತದೆ ಅಂತ ಗೊತ್ತಿತ್ತು. ಆದರೂ ಕೈ ಸುಮ್ಮನಿರಲಿಲ್ಲ. ಕಿತ್ತಲ್ಲೆಲ್ಲ ಬಿಳಿ ಹನಿ ಚಿಮ್ಮಿ, ಚಕ್ರ ತಿರುಗಿಸಿದ ಮೇಲೆ ನಿಂತಿತು. ಗೆಳೆಯನ ಟೈರಲ್ಲಿ ಸೀಲೆಂಟ್ ಒಣಗಿತ್ತು. ಹೊರಡುವ ಮುಂಚೆ ಅಂಗಡಿಯವರು "ಹೊಸದಾಗಿ ಹಾಕಿದ್ದೀವಿ" ಅಂದಿದ್ದರಂತೆ. ಟೈರ್ ಬಿಚ್ಚಿದರೆ ಒಳಗೆ ಹಳೇ ರಬ್ಬರ್ ಹೊಪ್ಪಳೆ ಮಾತ್ರ. ಟ್ಯೂಬ್ ಹಾಕಬೇಕಾಯಿತು. ಹತ್ತು ಕಿಲೋಮೀಟರ್ ಮುಂದೆ ಅದಕ್ಕೂ ಒಂದು ನೆಗ್ಗಿಲು.

ವಿಯದಾನಾದಿಂದ ಬೊರೆತ್ತೊಗೆ ಸೇತುವೆ ದಾಟಿ ಬಲದಂಡೆಗೆ ಬಂದೆವು. ಮುಂದಿನ ಊರು ಗ್ವಾಲ್ತಿಯೆರಿ. 2022ರ ಬರಗಾಲದಲ್ಲಿ ಪೋ ಎಪ್ಪತ್ತು ವರ್ಷದಲ್ಲೇ ಕಾಣದಷ್ಟು ಬತ್ತಿದಾಗ, ಇಲ್ಲಿ ನದಿ ತಳದಿಂದ ಒಂದು ಸರಕು ದೋಣಿ ಎದ್ದು ಬಂದಿತ್ತು. ಹೆಸರು 'ಜಿಬೆಲ್ಲೊ', ಸುಮಾರು 50 ಮೀಟರ್ ಉದ್ದ, 1943ರಲ್ಲಿ ಯುದ್ಧದ ಹೊತ್ತಲ್ಲಿ ಮುಳುಗಿದ್ದು. ಆ ಫೋಟೊ ನೋಡಿದ ನೆನಪಿತ್ತು. ಆ ಜಾಗ ಹುಡುಕಿ ದಂಡೆಗೆ ಹೋದೆವು. ಈ ವರ್ಷ ನೀರಿದೆ. ಕಾಣಿಸಿದ್ದು ಅದೇ ಚಹಾ ಬಣ್ಣದ ನೀರು, ಒಂದು ಕಡೆ ಸಣ್ಣ ಸುಳಿ. ಅದರ ಕೆಳಗೇ ದೋಣಿ ಇರಬಹುದು, ಇಲ್ಲದೆಯೂ ಇರಬಹುದು. ನಾವು ಸುಳಿಯನ್ನೇ ನೋಡಿ ತೃಪ್ತಿಪಟ್ಟೆವು.

ನಾಲ್ಕನೇ ದಿನ: ಗ್ವಸ್ತಾಲ್ಲಾ – ಸಾನ್ ಬೆನೆದೆತ್ತೊ ಪೋ, 41 ಕಿ.ಮೀ.

ಮಳೆ.

ಎರೆ ಹೊಲದಲ್ಲಿ ಮಳೆಗಾಲ ನಡೆದವರಿಗೆ ಇವತ್ತಿನ ಕಥೆ ಹೇಳಬೇಕಿಲ್ಲ. ಪೋ ತಂದು ಹಾಕಿದ ನುಣ್ಣನೆ ಮಣ್ಣು, ಒದ್ದೆಯಾದರೆ ಅಂಟು. ಹುಲ್ಲಿನ ಏರಿಯಲ್ಲಿ ನೂರು ಮೀಟರ್ ಹೋಗುವಷ್ಟರಲ್ಲಿ ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ತುಂಬಿ ಚಕ್ರವೇ ತಿರುಗಲಿಲ್ಲ. ಕಡ್ಡಿಯಿಂದ ಕೆರೆಯುವುದು, ಐವತ್ತು ಮೀಟರ್ ತಳ್ಳುವುದು, ಮತ್ತೆ ಕೆರೆಯುವುದು. ಸೈಕಲ್ ತೂಕ ಎರಡು ಪಟ್ಟಾಗಿತ್ತು. ಕೊನೆಗೆ ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆಗೆ ಇಳಿದೆವು. ದಪ್ಪ ಟೈರಿನ ಗರ್ವ ಅಲ್ಲಿಗೆ ಮುಗಿಯಿತು. ಇಂಥ ಮಣ್ಣಿಗೆ ದಪ್ಪ ಟೈರು ಬೇಕಾಗಿಲ್ಲ, ಟೈರಿನ ಸುತ್ತ ಖಾಲಿ ಜಾಗ ಬೇಕು.

ಸಾನ್ ಬೆನೆದೆತ್ತೊ ಪೋದಲ್ಲಿ 1007ರಲ್ಲಿ ಶುರುವಾದ ದೊಡ್ಡ ಮಠ ಇದೆ. ನೋಡಿದೆವು. ಆದರೆ ನನಗೆ ನೆನಪಿರುವುದು ಒಂದು ಪೆಟ್ರೋಲ್ ಬಂಕಿನ ನೀರಿನ ಪೈಪು, ಮತ್ತು ಅದರಿಂದ ಹರಿದ ಕಂದು ನೀರು.

ಐದನೇ ದಿನ: ಸಾನ್ ಬೆನೆದೆತ್ತೊ ಪೋ – ಫೆರಾರಾ, 89 ಕಿ.ಮೀ.

ಬೆಳಿಗ್ಗೆ ಮಂಜು. ಪೋ ಬಯಲು ಮಂಜಿಗೆ ಹೆಸರುವಾಸಿ. ಉತ್ತರಕ್ಕೂ ಪಶ್ಚಿಮಕ್ಕೂ ಆಲ್ಪ್ಸ್, ದಕ್ಷಿಣಕ್ಕೆ ಅಪೆನೈನ್ಸ್, ನಡುವೆ ಈ ಬೋಗುಣಿ. ಗಾಳಿ ಒಳಗೆ ಬರುವುದೇ ಅಪರೂಪ, ಬಂದ ತೇವ ಹೊರಗೆ ಹೋಗುವುದಿಲ್ಲ. ಐದು ದಿನ ಎದುರು ಗಾಳಿಯ ಕಾಟ ಇಲ್ಲದ್ದಕ್ಕೂ ಇದೇ ಕಾರಣ. ಏರಿ ಮೇಲೆ ಹತ್ತು ಮೀಟರ್ ಮುಂದೆ ಏನೂ ಕಾಣುತ್ತಿರಲಿಲ್ಲ. ಗೆಳೆಯ ತುಳಿಯದಿದ್ದಾಗ ಅವನ ಹಿಂದಿನ ಚಕ್ರದ ಫ್ರೀಹಬ್ ಮಾಡುವ ಟಿಕಟಿಕ ಸದ್ದು ಹಿಡಿದು ಅವನ ಹಿಂದೆ ಹೋದೆ. ಅವನು ತುಳಿಯತೊಡಗಿದರೆ ಆ ಸದ್ದೂ ಇಲ್ಲ.

ಸೆಕ್ಕಿಯಾ ಹೊಳೆ ದಾಟಿ, ರೆವೆರೆ, ಸೆರ್ಮಿದೆ. ಹನ್ನೊಂದರ ಹೊತ್ತಿಗೆ ಮಂಜು ಎದ್ದಾಗ ಮೊದಲ ಸಲ ಗಮನಕ್ಕೆ ಬಂತು: ಏರಿಯ ಒಂದು ಕಡೆ ನದಿ, ಇನ್ನೊಂದು ಕಡೆ ಊರು. ಊರೇ ತಗ್ಗಿನಲ್ಲಿದೆ. ಮನೆಗಳ ಹೆಂಚು ನಮ್ಮ ಪೆಡಲಿನ ಮಟ್ಟಕ್ಕೆ. ನದಿ ತಂದ ಹೂಳು ಏರಿಗಳ ನಡುವೆಯೇ ಕೂತು ತಳ ಮೇಲೆ ಬಂದಿದೆ. ಪ್ರವಾಹದಲ್ಲಿ ಪೋ ಊರಿನ ತಲೆ ಮೇಲೆ ಹರಿಯುತ್ತದೆ.

ಸ್ತೆಲ್ಲಾತಾದ ಹಳೇ ಕೋಟೆ ಏರಿಯಿಂದ ಆಚೆ, ಗೋಲೆನಾದಲ್ಲೇ ನಿಂತಿದೆ. ನೀರು ಬಂದರೆ ಕೋಟೆಯೂ ನೆನೆಯುತ್ತದೆ. ಇಲ್ಲಿಂದ 'ದೇಸ್ತ್ರಾ ಪೋ', ಅಂದರೆ ಬಲದಂಡೆ ಸೈಕಲ್ ದಾರಿ ಶುರು. ಸಮುದ್ರದವರೆಗೆ 120 ಕಿ.ಮೀ. ಹತ್ತಿರ, ಹೆಚ್ಚು ಪಾಲು ನುಣುಪು ಡಾಂಬರು. ಮೌಂಟನ್ ಬೈಕಿನ ಗುಬ್ಬುಗುಬ್ಬು ಟೈರು ಅದರ ಮೇಲೆ ಜೇನ್ನೊಣದ ಹಾಗೆ ಗುಯ್‌ಗುಟ್ಟಿತು. ರೋಡ್ ಬೈಕಿನಲ್ಲಿ ಎಪ್ಪತ್ತು ದಾಟಿದ ಅಜ್ಜಂದಿರ ಗುಂಪೊಂದು "ಚಾವೊ" ಅನ್ನುತ್ತಾ ನಮ್ಮನ್ನು ದಾಟಿ ಹೋಯಿತು. ಸಸ್ಪೆನ್ಷನ್ ಲಾಕ್ ಮಾಡಿ, ಗಾಳಿ ಜಾಸ್ತಿ ಮಾಡಿ, ತಲೆ ಬಗ್ಗಿಸಿ ತುಳಿದೆವು. ಅಜ್ಜಂದಿರು ಸಿಗಲಿಲ್ಲ.

ಪೊಂತೆಲಗೊಸ್ಕೂರೊ ತಲುಪುವ ಮುಂಚೆ, ಆಚೆ ದಡದಲ್ಲಿ ಓಕ್ಯೊಬೆಲ್ಲೊ. 1951ರ ನವೆಂಬರ್ 14ರಂದು ಅಲ್ಲಿನ ಏರಿ ಒಡೆಯಿತು. ನೀರು ಪೊಲೇಸಿನೆ ಸೀಮೆಯನ್ನೆಲ್ಲ ತುಂಬಿತು. ನೂರರಷ್ಟು ಜನ ಸತ್ತರು. ಅದರಲ್ಲಿ 84 ಮಂದಿ ಒಂದೇ ಲಾರಿಯಲ್ಲಿ ಇದ್ದವರು. ತಪ್ಪಿಸಿಕೊಳ್ಳಲು ಹತ್ತಿದ ಲಾರಿ ನೀರಿನ ನಡುವೆ ನಿಂತುಹೋಗಿತ್ತು. ಮನೆ ಬಿಟ್ಟವರು 1,80,000ದಷ್ಟು. ಎಷ್ಟೋ ಮಂದಿ ಮತ್ತೆ ಬರಲೇ ಇಲ್ಲ, ತುರಿನ್, ಮಿಲಾನಿನ ಕಾರ್ಖಾನೆಗಳಿಗೆ ಸೇರಿಹೋದರು.

ಏರಿ ಮೇಲಿನ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರ ಹತ್ತಿರ ಗೆಳೆಯ ಅರೆಬರೆ ಇಟಾಲಿಯನ್ನಿನಲ್ಲಿ ಮಾತು ತೆಗೆದ. ಅವರು ಕೈ ತೋರಿಸಿದ್ದು ನದಿಯ ಕಡೆಗಲ್ಲ, ಹೊಲದ ಕಡೆಗೆ. 'ಫೊಂತಾನಾತ್ಸಿ' ಅಂದರು. ಪ್ರವಾಹ ಬಂದಾಗ ನೀರು ಏರಿ ಹತ್ತಿ ಬರುವುದಕ್ಕಿಂತ ಮೊದಲು ಏರಿಯ ಅಡಿಯಿಂದ ನುಸುಳಿ, ಈಚೆ ಹೊಲದಲ್ಲಿ ಬುಗ್ಗೆಯಾಗಿ ಏಳುತ್ತದೆ. ಬುಗ್ಗೆಯ ನೀರು ತಿಳಿಯಾಗಿದ್ದರೆ ಪರವಾಗಿಲ್ಲ. ಮರಳು ಸೇರಿ ಕದಡಿದ್ದರೆ ಏರಿಯ ಹೊಟ್ಟೆ ಖಾಲಿಯಾಗುತ್ತಿದೆ ಅಂತ ಅರ್ಥ. ಆಗ ಬುಗ್ಗೆಯ ಸುತ್ತ ಮರಳು ಚೀಲದ ಬಾವಿಕಟ್ಟೆ ಕಟ್ಟುತ್ತಾರೆ. ನೀರನ್ನು ತಡೆಯಲು ಅಲ್ಲ, ಕಟ್ಟೆಯೊಳಗೆ ನೀರು ಏರಿ ಅದರ ತೂಕವೇ ಬುಗ್ಗೆಯನ್ನು ಅದುಮಲಿ ಅಂತ. ಐದು ದಿನ ನಾನು ಈ ಏರಿಯನ್ನು ಸೈಕಲ್ ದಾರಿ ಅಂತ ಮಾತ್ರ ನೋಡಿದ್ದೆ.

ಫೆರಾರಾ ಊರಿನಲ್ಲಿ ಎಲ್ಲರೂ ಸೈಕಲ್ ಮೇಲೆ. ಪಾದ್ರಿ, ಅಜ್ಜಿ, ಕೊಡೆ ಹಿಡಿದ ಮೇಷ್ಟ್ರು. ಒಂಬತ್ತು ಕಿಲೋಮೀಟರಿನ ಹಳೇ ಕೋಟೆ ಗೋಡೆಯ ಮೇಲೂ ಮಣ್ಣಿನ ಜಾಡು ಇದೆ. ಸಂಜೆ ಅರ್ಧ ಸುತ್ತು ಹಾಕಿದೆವು. ಉಳಿದರ್ಧಕ್ಕೆ ಕಾಲು ಒಪ್ಪಲಿಲ್ಲ.

ಆರನೇ ದಿನ: ಫೆರಾರಾ – ಗೊರೀನೊ, 96 ಕಿ.ಮೀ.

ಬೋಗುಣಿಯ ಪೂರ್ವದ ಬಾಯಿ ತೆರೆದಿದೆ, ಅಲ್ಲಿ ಸಮುದ್ರ. ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ, ನೇರ ಮುಖಕ್ಕೆ. ಬೆಳಿಗ್ಗೆ ಬೇಗ ಹೊರಟಿದ್ದರೆ ತಪ್ಪುತ್ತಿತ್ತು. ನಾವು ಕಾಫಿ, ಇನ್ನೊಂದು ಕಾಫಿ ಅಂತ ಒಂಬತ್ತೂವರೆ ಮಾಡಿದೆವು. ಶಿಕ್ಷೆ ಹನ್ನೆರಡಕ್ಕೆ ಶುರುವಾಯಿತು. ಏರಿ ಅಂದರೆ ಬಯಲಿನಲ್ಲಿ ಎದ್ದು ನಿಂತ ಗೋಡೆ. ಅದರ ಮೇಲೆ ಹೋಗುವವನಿಗೆ ಮರೆ ಅನ್ನುವುದೇ ಇಲ್ಲ. ಗಂಟೆಗೆ 20 ಇದ್ದ ವೇಗ 12ಕ್ಕೆ ಬಿತ್ತು. ಎರಡು ನಿಮಿಷ ಅವನು ಮುಂದೆ, ಎರಡು ನಿಮಿಷ ನಾನು. ಹಿಂದಿನವನು ಮುಂದಿನವನ ಬೆನ್ನಿಗೆ ಅಂಟಿಕೊಂಡೇ ಇರಬೇಕು. ನಡುನಡುವೆ ಏರಿಯಿಂದ ಕೆಳಗಿಳಿದು ಹೊಲದ ಮಣ್ಣು ದಾರಿ ಹಿಡಿದೆವು. ದೂರ ಜಾಸ್ತಿ, ಗಾಳಿ ಕಮ್ಮಿ. ಆಗ ಮತ್ತೆ ದಪ್ಪ ಟೈರಿಗೆ ಬೆಲೆ ಬಂತು.

ಮೇಸೊಲಾದಲ್ಲಿ, ಫೆರಾರಾ ಆಳಿದ ಎಸ್ತೆ ವಂಶದವರು ಕಟ್ಟಿಸಿದ ಇಟ್ಟಿಗೆ ಕೋಟೆ. ಅದರಾಚೆ ಒಂದು ಕಾಡು, ಅಲ್ಲಿ ಬಿಟ್ಟರೆ ಬೇರೆಲ್ಲೂ ಉಳಿಯದ ಒಂದು ತಳಿಯ ಕೆಂಜಿಂಕೆ ಇದೆ. ನಮಗೆ ಕಂಡದ್ದು ಅದರ ಬೆನ್ನು ಮಾತ್ರ, ಅದೂ ಒಂದು ಸೆಕೆಂಡ್.

ಅಲ್ಲಿಂದ ಮುಂದೆ ಇರುವ ನೆಲ ಹೊಸದು. 1604ರಲ್ಲಿ ವೆನಿಸ್ಸಿನವರು ಪೋ ನದಿಗೆ ಹೊಸ ಕಾಲುವೆ ತೋಡಿ ದಕ್ಷಿಣಕ್ಕೆ ತಿರುಗಿಸಿದರು, ತಮ್ಮ ಊರಿನ ಹಿನ್ನೀರು ಹೂಳಿನಿಂದ ಮುಚ್ಚಿಹೋಗಬಾರದು ಅಂತ. ಆ ಹೂಳು ಸಮುದ್ರಕ್ಕೆ ಬಿದ್ದು ಬಿದ್ದು ಈಗಿನ ಮುಖಜ ಭೂಮಿ ಬೆಳೆಯಿತು. ನಮ್ಮ ಎಷ್ಟೋ ದೇವಸ್ಥಾನಗಳು ಈ ನೆಲಕ್ಕಿಂತ ಹಳೆಯವು! ಮತ್ತೆ ಅದೇ ನೆಲ ಕುಸಿದೂ ಇದೆ. ಕಳೆದ ಶತಮಾನದಲ್ಲಿ ಇಲ್ಲಿ ಮೀಥೇನ್ ಅನಿಲಕ್ಕಾಗಿ ಬಾವಿ ಕೊರೆದು, ಅನಿಲದ ಜೊತೆ ನೀರನ್ನೂ ಎತ್ತಿದರು. ನೆಲ ಕೆಲವು ಕಡೆ ಎರಡು ಮೂರು ಮೀಟರ್ ಕೂತಿತು. 1960ರ ದಶಕದ ಆರಂಭದಲ್ಲಿ ನಿಲ್ಲಿಸಿದರು, ಆದರೆ ಕೂತ ನೆಲ ಏಳಲಿಲ್ಲ. ಈಗ ಹೊಲಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ಹಗಲೂ ರಾತ್ರಿ ಪಂಪುಗಳು ನೀರನ್ನು ಎತ್ತಿ ಹೊರಗೆ ಹಾಕುತ್ತಲೇ ಇರಬೇಕು. ನನ್ನ ಗಡಿಯಾರ ಎತ್ತರ ಮೈನಸ್ 2 ಅಂತ ತೋರಿಸಿತು. ಕೆಟ್ಟಿರಬೇಕು ಅಂದುಕೊಂಡಿದ್ದೆ.

ಗೊರೊ ಬಂದರಿನಲ್ಲಿ ಚಿಪ್ಪು ಮೀನಿನ ದೋಣಿಗಳು. 2023ರಿಂದ ನೀಲಿ ಏಡಿ ಬಂದು ಚಿಪ್ಪನ್ನೆಲ್ಲ ತಿಂದು ಹಾಕಿದೆ. ಹೊಟೇಲಿನ ಹಲಗೆಯ ಮೇಲೆ ಈಗ ಏಡಿಯದೇ ಹೆಸರು. ತಿಂದೆವು. ರುಚಿಯಾಗಿತ್ತು, ಅದಕ್ಕೆ ಬೇಜಾರೂ ಆಯಿತು.

ಗೊರೀನೊದಲ್ಲಿ ದಾರಿ ಮುಗಿಯುತ್ತದೆ. ಅಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದ ಸೇತುವೆ ಇದೆ. ನೀರು ಏರಿದರೆ ಸೇತುವೆಯೂ ಏರುತ್ತದೆ. ಚಕ್ರದಡಿ ಹಲಗೆಗಳು ಗಡಗಡ ಅಂದವು. ನಡುವೆ ನಿಂತೆವು. ಆರು ದಿನ ಕಣ್ಣಾಮುಚ್ಚಾಲೆ ಆಡಿದ ನದಿ ಈಗ ಕಾಲ ಕೆಳಗೆ ಒಂದು ಮೊಳದಲ್ಲಿ. ಇದು ಪೋ ನದಿಯ ಒಂದು ಕವಲು ಮಾತ್ರ. ಉಳಿದ ಕವಲುಗಳು ಉತ್ತರಕ್ಕೆ, ಬೇರೆ ಬೇರೆ ಕಡೆ ಸಮುದ್ರ ಸೇರುತ್ತವೆ.

ಗೆಳೆಯ ಸೈಕಲ್ ಕಂಪ್ಯೂಟರ್ ನೋಡಿದ. ಒಟ್ಟು 428 ಕಿ.ಮೀ. ಏರು: 640 ಮೀಟರ್.

"ಎಲ್ಲಿಂದ ಬಂತು ಇಷ್ಟು ಏರು?"

ಏರಿ ಹತ್ತಿದ್ದು, ಇಳಿದದ್ದು, ಮತ್ತೆ ಹತ್ತಿದ್ದು. ಸೇತುವೆಗಳು. ಮೂರನೇ ದಿನದ ಗುಂಡಿಗಳು. ಹಿಂದಿನಿಂದ ಒಂದು ಕಾರು ಬಂದು ಹಾರ್ನ್ ಹೊಡೆಯಿತು. ಇಡೀ ಸೇತುವೆ ಸಣ್ಣಗೆ ತೂಗಿತು. ನಾವು ಸೈಕಲ್ ಪಕ್ಕಕ್ಕೆ ಎಳೆದುಕೊಂಡೆವು.